ತಪ್ಪು ವಾರದ ಕಾಗದ

ಬಶಿ ಮಲಗಿಸಬ್ಯಾಡ, ನಿಂದರಿಸು, ಅಂದಳು ಮಾಬೂಬಿ.
ಮಲಗಿದ್ದು ಒಂದರ ಭಾರ ಒಂದು ಹೊತ್ತು ಒಡೀತಾವ,
ನಿಂತದ್ದು, ಗಾಡಿ ಜಿಗಿದರೂ ತಡಕೋತಾವ.
ಮೂವತ್ತು ವರ್ಷ ಬಳಿ ಬುಟ್ಟಿ ತಲಿಮ್ಯಾಲೆ ಹೊತ್ತು
ಲಕ್ಕುಂಡಿ ತನಕ ನಡದಾಕಿ.
ಗಾಜಿನ ಸ್ವಭಾವ ಆಕಿಗೆ ಗೊತ್ತು.

ಗಾಜು ಗಾಜಿಗೆ ತಾಕಬಾರದು ತಂಗಿ,
ನಡುವ ಏನಾರ ಮೆತ್ತಂದು ಇರಬೇಕು.

ಮೆತ್ತಂದು ನಮ್ಮನ್ಯಾಗ ಏನೈತಿ?
ಕೌದಿ ಎರಡು, ಅವು ಕನ್ನಡಿಗೆ ಬೇಕು.
ಹಳೇ ಧೋತರ ದೇವರ ಪಟಕ್ಕ ಹೋತು.
ಆಮ್ಯಾಲೆ ಇವರು ಮಾತಾಡದೇ
ಅಟ್ಟದ ಮ್ಯಾಲಿಂದ ಆ ಗೋಣಿಚೀಲ ಇಳಿಸಿದರು.

ಸಾವಿರ ಲಗ್ನಪತ್ರ.
ಶುಕ್ರವಾರ ಇರಬೇಕಾದಲ್ಲಿ ಗುರುವಾರ.
ಮೊಳೆ ಜೋಡಿಸಿದ ಕೈ ಇವರದು.
ಅವತ್ತು ಜ್ವರ ಇತ್ತು ಅಂತ ಪ್ರೆಸ್ಸಿನ ಮಾಲಕರಿಗೆ ಹೇಳಲಿಲ್ಲ,
ನನಗೂ ಹೇಳಲಿಲ್ಲ; ರಾತ್ರಿ ಮೈ ಮುಟ್ಟಿ ತಿಳಕೊಂಡೆ.
ಕಾಗದದ ರೊಕ್ಕ, ಮಸಿ ರೊಕ್ಕ, ತಿರುಗಿ ಅಚ್ಚು ಹಾಕಿದ ರೊಕ್ಕ
ಐದು ತಿಂಗಳ ಪಗಾರದಾಗ ಮುರಕೊಂಡರು.
ಬಾಡಿಗಿ ನಿಂತಿತು. ಮನಿಯವ್ವ ಬಾಗಿಲಿಗೆ ಬಂದು ನಿಂತಳು.
ಅದಕ್ಕಽ ಈಗ ಬೆಟಗೇರ್ಯಾಗ
ಎರಡು ಖಣದ ಮನಿ.

ಆದರ ಕಾಗದ ಭಾಳ ಛಲೋ ಇತ್ತು.
ದಪ್ಪ, ಮಡಚಿದರ ಮೂಲಿ ನಿಲ್ಲತಿತ್ತು.
ಕಪ್ಪಿಗೆ ಎರಡು ಪತ್ರ ಹೊರಗ, ಒಂದು ಹೊಟ್ಟ್ಯಾಗ,
ಕಿವಿಗೆ ಬ್ಯಾರೆ ಒಂದು ಸುರುಳಿ; ಒಡಿಯೂದು ಮೊದಲು ಕಿವಿ.
ವರನ ಕಡೆಯವರು ಕಪ್ಪಿಗೆ, ವಧುವಿನ ಕಡೆಯವರು ಬಶಿಗೆ.
ಯಾರ ಮಗಳೋ, ಯಾರ ಮಗನೋ,
ಸರಿಯಾದ ಶುಕ್ರವಾರ ಲಗ್ನಾಗಿ
ಈಗ ಕೂಸು ಕೈಯಾಗ ಇರಬೇಕು.

ಭಾರದ್ದು ಸಣ್ಣ ಪೆಟ್ಟಿಗಿ, ಹಗರದ್ದು ದೊಡ್ಡ ಪೆಟ್ಟಿಗಿ.
ಬೀಸೂಕಲ್ಲು ಗಾಡಿಯ ತಳಕ್ಕ.
ಉಪ್ಪಿನಕಾಯಿ ಭರಣಿ ಯಾರ ಕೈಗೂ ಕೊಡಬ್ಯಾಡ, ನಿನ್ನ ಬಗಲಾಗ.
ಚಾಪುಡಿ, ಸಕ್ಕರಿ, ಕಡ್ಡಿಪೆಟ್ಟಿಗಿ, ಸ್ಟೋವಿನ ಪಿನ್ನು
ಕೈಚೀಲದಾಗ ಬ್ಯಾರೆ ಇಡು, ಅಂದಳು ಮಾಬೂಬಿ,
ಹೊಸ ಮನ್ಯಾಗ ಮೊದಲು ಹುಡಕೂದು ಅವನ್ನಽ.
ತನ್ನ ಬುಟ್ಟಿಯ ಅಡಿಯ ಹುಲ್ಲು ತಗದು ನನ್ನ ಪೆಟ್ಟಿಗಿಗೆ ಹಾಸಿದಳು.
ಅದರಾಗ ಒಂದು ಹಸರು ಬಳಿಚೂರು.
ತಗೀಲಿಲ್ಲ ನಾನು.

ರೇಲ್ವೆ ಹಳಿ ದಾಟುವಾಗ ಬಸೆಟ್ಟೆಪ್ಪ ಗಾಡಿ ಎತ್ತಿ ಇಳಿಸಿದ.
ಸಾಮಾನೆಲ್ಲಾ ಒಮ್ಮೆ ನರಳಿದಂಗಾತು.
ಇವರು ಕಪ್ಪು ಬಶಿ ಪೆಟ್ಟಿಗಿ ಮ್ಯಾಲೆ ಕೈಯಿಟ್ಟು ನಡದರು,
ದವಾಖಾನಿಗೆ ಹೊಂಟವರ ಬೆನ್ನಿಗೆ ಕೈಯಿಟ್ಟಂಗ.

ಬಾಜೂ ಮನ್ಯಾಗ ಮಗ್ಗ. ಗ್ವಾಡಿ ಸಹಿತ ಲಟಕ್ ಪಟಕ್.
ಕೂತು ಬಿಚ್ಚಿದೆ.
ಒಂದೂ ಒಡದಿಲ್ಲ.
ಮೊದಲಽ ಸೀಳಿದ ಬಶಿ ಅಷ್ಟಽ ಸೀಳಿತ್ತು,
ಒಂದೆಳಿ ಮುಂದ ಹೋಗಿಲ್ಲ.

ಒಂದು ಕಪ್ಪು ಗಡಿಬಿಡಿಯಾಗ ಒರಸದಽ ಸುತ್ತಿದ್ದೆ.
ಬಿಳಿ ಮೈಮ್ಯಾಲೆ ಕೆಂಪು ಮಸಿ ಎದ್ದಿತ್ತು,
ತಿರುವುಮುರುವು ಅಕ್ಷರ. ಏನಂತ ನನಗ ತಿಳೀಲಿಲ್ಲ.
ಸೆರಗಿಲೆ ತಿಕ್ಕಾಕ ಹೋದೆ. ಇವರು ಕೈ ಹಿಡದರು.
ಹಿಂಗಽ ಇರತಾವ ಮೊಳ್ಯಾಗ, ಅಂದರು,
ಇಪ್ಪತ್ತೆರಡು ವರ್ಷ ನಾನು ಓದಿದ್ದು ಹಿಂಗಽ.
ಕಪ್ಪು ಬೆಳಕಿಗೆ ಹಿಡದು, ಸಾಲೀ ಹುಡುಗನಂಗ ಬೆರಳಿಟ್ಟು:
ಗು, ರು, ವಾ, ರ.

ಇವತ್ತು ಯಾವ ವಾರ?

ಮಗ್ಗ ನಿಂತಿತ್ತು ಆವಾಗ, ಅದಕ್ಕಽ ನಗು ದೊಡ್ಡದಾಗಿ ಕೇಳಿಸಿತು,
ಐದು ತಿಂಗಳಿಂದ ಎಲ್ಲಿ ಕಟ್ಟಿಟ್ಟಿದ್ದರೋ.
ಸ್ಟೋವಿನ ಮ್ಯಾಲೆ ಚಾ ಉಕ್ಕಿ ಹರೀತು.
ಹೊಸ ಮನ್ಯಾಗ ಉಕ್ಕಬೇಕಾದ್ದು ಹಾಲು; ಇರಲಿ.

ಅದಽ ಕಪ್ಪಿನಾಗ ಚಾ ಕೊಟ್ಟೆ.
ಪತ್ರದ ಸುಕ್ಕು ತೀಡಿ, ಎಣಿಸಿ,
ಮತ್ತ ಗೋಣಿಚೀಲಕ್ಕ ಹಾಕಿದೆ.
ಮುಂದಿನ ಮನಿಗೆ ಬೇಕಾಗತಾವ.